ಜಾಯ್ಸ್‌ಗೂ ಬೇಕು ಪುರಾಣದ ಕಟ್ಟೆ

ಜೇಮ್ಸ್ ಜಾಯ್ಸ್ ಬರೆದ ‘ಯೂಲಿಸಿಸ್’ ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಸ್ಟೀಫನ್ ಎಂಬ ತರುಣ ಮಾಸ್ತರ ಯಾರ್ಯಾರಿಗೆ ಎಷ್ಟೆಷ್ಟು ಸಾಲ ತೀರಿಸಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆ ಪಟ್ಟಿಯಲ್ಲಿ ಕಸಿನ್ಸ್ ಅವರ ಹತ್ತು ಶಿಲಿಂಗ್ ಬಾಕಿಯೂ ಇದೆ. ಈ ಕಸಿನ್ಸ್ ನಿಜವಾಗಿ ಬಾಳಿದವರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮತ್ತು ಅವರ ಪತ್ನಿ ಮಾರ್ಗರೆಟ್, 1904ರ ಜೂನ್‌ನಲ್ಲಿ ಕೈ ಬರಿದಾಗಿ ಅಲೆಯುತ್ತಿದ್ದ ಜಾಯ್ಸ್‌ನಿಗೆ ಡಬ್ಲಿನ್‌ನ ತಮ್ಮ ಮನೆಯಲ್ಲಿ ಕೆಲದಿನ ಆಸರೆ ಕೊಟ್ಟಿದ್ದರು. ಮುಂದೆ ದಂಪತಿ ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿದರು. 1924ರಲ್ಲಿ ಕಸಿನ್ಸ್ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬ ತನ್ನ ಬರಹವನ್ನು ಅವರ ಮುಂದಿಟ್ಟ. ನಿನ್ನ ಭಾಷೆಯಲ್ಲಿ ಬರೆ ಎಂದರು ಕಸಿನ್ಸ್. ಆ ವಿದ್ಯಾರ್ಥಿಯೇ ಕುವೆಂಪು.

ಇಪ್ಪತ್ತನೆಯ ಶತಮಾನದ ಅತ್ಯಂತ ಕಠಿಣ ಕಾದಂಬರಿಕಾರನಿಗೆ ಮನೆ ಬಾಗಿಲು ತೆರೆದವರೇ ಕನ್ನಡದ ಮಹಾಕವಿಗೆ ಕನ್ನಡದ ದಾರಿ ತೋರಿದರು. ಆದರೂ ‘ಯೂಲಿಸಿಸ್’ ಎಂದರೆ ನಮ್ಮ ಓದುಗರು ಇಂದಿಗೂ ಹಿಂಜರಿಯುತ್ತಾರೆ. ಅದು ಪ್ರೊಫೆಸರುಗಳ ಪುಸ್ತಕ, ನಮ್ಮಂಥವರದಲ್ಲ ಎಂಬ ಭಾವನೆ ಊರಿರಲಿ, ನಗರವಿರಲಿ, ಎಲ್ಲೆಡೆ ಇದೆ. ಆದರೆ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಊರಿನ ಓದುಗನಿಗೆ ಇಂಥ ಪುಸ್ತಕವನ್ನು ಎದುರಿಸುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ನಂಬುತ್ತೇನೆ.

ಓದುಗ ನಿಲ್ಲುವ ಜಾಗ

1922ರ ಫೆಬ್ರುವರಿ 2ರಂದು ಪ್ಯಾರಿಸ್‌ನಲ್ಲಿ ಸಿಲ್ವಿಯಾ ಬೀಚ್ ಎಂಬಾಕೆ ತನ್ನ ಪುಸ್ತಕದಂಗಡಿಯ ಹೆಸರಿನಲ್ಲಿ ‘ಯೂಲಿಸಿಸ್’ ಪ್ರಕಟಿಸಿದಳು. ಹದಿನೆಂಟು ಅಧ್ಯಾಯಗಳ ಈ ಕಾದಂಬರಿಯ ಕಥೆಯೆಲ್ಲ ನಡೆಯುವುದು ಬಹುಪಾಲು ಒಂದೇ ದಿನದಲ್ಲಿ, 1904ರ ಜೂನ್ 16ರಂದು. ಜಾಹೀರಾತು ಹಿಡಿದು ತರುವ ಕೆಲಸದ ಲಿಯೊಪೋಲ್ಡ್ ಬ್ಲೂಮ್ ಹೆಂಡತಿಗೆ ಬೆಳಗಿನ ಉಪಾಹಾರ ಮಾಡಿಕೊಡುತ್ತಾನೆ, ಮಣ್ಣಿಗೆ ಹೋಗಿ ಬರುತ್ತಾನೆ, ಊರೆಲ್ಲ ತಿರುಗಿ ನಡುರಾತ್ರಿ ದಾಟಿದ ಮೇಲೆ ಮನೆ ಸೇರುತ್ತಾನೆ. ಕಥೆ ಇಷ್ಟೇ. ಕಷ್ಟ ಇರುವುದು ಅದನ್ನು ಹೇಳುವ ರೀತಿಯಲ್ಲಿ. ಪಾತ್ರದ ಮನಸ್ಸಿನಲ್ಲಿ ಹಾದುಹೋಗುವ ಅರೆಬರೆ ಮಾತುಗಳು ಯಾವ ಪೀಠಿಕೆಯೂ ಇಲ್ಲದೆ ಪುಟಕ್ಕೆ ಬರುತ್ತವೆ. ನಮ್ಮ ವಿಮರ್ಶಕರು ಇದನ್ನೇ ಪ್ರಜ್ಞಾಪ್ರವಾಹ ತಂತ್ರ ಎಂದು ಕರೆದರು.

ಬಹಳಷ್ಟು ಓದುಗರು ಕೈಚೆಲ್ಲುವುದು ಮೂರನೆಯ ಅಧ್ಯಾಯದಲ್ಲಿ. ಸ್ಟೀಫನ್ ಕಡಲದಂಡೆಯಲ್ಲಿ ಒಬ್ಬನೇ ನಡೆಯುತ್ತ ತತ್ವಶಾಸ್ತ್ರ, ಲ್ಯಾಟಿನ್, ತಾಯಿಯ ಸಾವು ಎಲ್ಲವನ್ನೂ ಒಟ್ಟಿಗೆ ನೆನೆಯುವ ಅಧ್ಯಾಯವದು. ಹಾಗೆ ಬೇಸರಪಟ್ಟವರಲ್ಲಿ ಸ್ವತಃ ದೊಡ್ಡ ಕಾದಂಬರಿಕಾರ್ತಿಯಾದ ವರ್ಜೀನಿಯಾ ವುಲ್ಫ್ ಕೂಡ ಇದ್ದರು. ಇನ್ನೂರು ಪುಟ ಓದುವಷ್ಟರಲ್ಲಿ ರೋಸಿಹೋದದ್ದನ್ನು ಅವರು 1922ರ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಇನ್ನು 1939ರಲ್ಲಿ ಬಂದ ‘ಫಿನೆಗನ್ಸ್ ವೇಕ್’ ಜಾಯ್ಸ್‌ನ ಹದಿನೇಳು ವರ್ಷಗಳ ಕೆಲಸ. ಹತ್ತಾರು ಭಾಷೆಗಳ ಪದಗಳನ್ನು ಒಂದರೊಳಗೊಂದು ಬೆಸೆದು ಬರೆದದ್ದು. ಡಬ್ಲಿನ್‌ನವನೇ ಆದ ಸ್ಯಾಮ್ಯುಯೆಲ್ ಬೆಕೆಟ್‌ನ ‘ಮೊಲ್ಲಾಯ್’ನಲ್ಲಿ ಒಂದು ಪ್ಯಾರಾ ಎಂಬತ್ತಕ್ಕೂ ಹೆಚ್ಚು ಪುಟ ನಡೆಯುತ್ತದೆ. ಇಂಥ ಪುಟಗಳ ಮುಂದೆ ಓದುಗನಿಗೆ ತಾನೇ ದಡ್ಡ ಅನ್ನಿಸುತ್ತದೆ. ಈ ಅನ್ನಿಸಿಕೆಯೇ ಪುಸ್ತಕ ಮುಚ್ಚಿಸುತ್ತದೆ.

ಕನ್ನಡದಲ್ಲೂ ಇದೇ ಅನುಭವ

ಈ ಅನುಭವ ಕನ್ನಡಕ್ಕೆ ಹೊಸದೇನಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಅದರ ನಂಜನಗೂಡು ಸೀಮೆಯ ಮಾತು, ಮಾತಾಡುವ ಮಂಚ, ನಡುವೆ ತುಂಡಾಗುವ ಕಥನ ಅನೇಕರನ್ನು ತಬ್ಬಿಬ್ಬುಗೊಳಿಸಿದವು. ಗದಗ, ಧಾರವಾಡದ ಕಡೆಯವರಿಗಂತೂ ಆ ಕನ್ನಡವೇ ಬೇರೆ. ಆಗ ವಿದ್ವಾಂಸ ಎಲ್. ಬಸವರಾಜು ಅವರು ಅದರ ಗದ್ಯವನ್ನು ಸಾಲು ಸಾಲಾಗಿ ಮುರಿದು ಕಾವ್ಯದ ರೂಪದಲ್ಲಿ ಅಚ್ಚು ಹಾಕಿಸಿದರು. ಕಣ್ಣಿಗೆ ಗಂಟಾಗಿದ್ದದ್ದು ಉಸಿರಿಗೆ ಸಲೀಸಾಯಿತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಏಳುನೂರಕ್ಕೂ ಹೆಚ್ಚು ಪುಟಗಳದ್ದು. ಒಬ್ಬ ನಾಯಕ, ಒಂದು ಕಥೆ ಎಂದು ಹಿಡಿಯಲು ಹೋದವರಿಗೆ ಅದು ಸಿಗುವುದಿಲ್ಲ. ಹತ್ತಾರು ಬದುಕುಗಳು ಕಾಡಿನ ದಾರಿಗಳಂತೆ ಕೂಡಿ ಅಗಲುತ್ತವೆ. 2010ರಲ್ಲಿ ಮೈಸೂರು ರಂಗಾಯಣ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ, ಸುಮಾರು ಒಂಬತ್ತು ತಾಸು ಆಡಿ ತೋರಿಸಿತು. ಒಂದು ವೇದಿಕೆಯಿಂದ ಇನ್ನೊಂದಕ್ಕೆ ಜನ ಎದ್ದು ಹೋಗಿ ಕೂತು ಬೆಳಗಿನವರೆಗೆ ನೋಡಿದರು. ಅವರಲ್ಲಿ ಕಾದಂಬರಿ ಓದದವರೂ ಇದ್ದರು. ದನಿ ಮತ್ತು ಮೈ ಸಿಕ್ಕಕೂಡಲೇ ದೊಡ್ಡ ಕಾದಂಬರಿಯ ಭಾರ ಇಳಿಯಿತು.

ಮೊದಲು ಕಿವಿ, ಆಮೇಲೆ ಅರ್ಥ

ನಮ್ಮ ಸೀಮೆ ಶತಮಾನಗಳಿಂದ ಮಾಡುತ್ತ ಬಂದದ್ದೂ ಇದನ್ನೇ. ಶ್ರಾವಣ ಬಂತೆಂದರೆ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ರಾಗ ಮಾಡಿ ಪದ್ಯ ಓದುತ್ತಾರೆ, ಇನ್ನೊಬ್ಬರು ಅದನ್ನು ಬಿಡಿಸಿ ಹೇಳುತ್ತಾರೆ. ಕೇಳಲು ಕೂತವರಿಗೆ ಹಳೆಯ ಕನ್ನಡದ ಪ್ರತಿ ಪದ ಗೊತ್ತಿರುವುದಿಲ್ಲ. ಆದರೂ ಅರ್ಥವಾಗಲಿಲ್ಲವೆಂದು ಯಾರೂ ಎದ್ದು ಹೋಗುವುದಿಲ್ಲ. ಮಹಾಮಂಗಲದ ಹೊತ್ತಿಗೆ ಕಥೆ ಎಲ್ಲರದಾಗಿರುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹುಟ್ಟಿತೆಂದು ನಂಬುವ ಕುಮಾರವ್ಯಾಸ ಭಾರತ ಓದು ಬಾರದವರ ನಾಲಗೆಯ ಮೇಲೂ ಉಳಿದದ್ದು ಗಮಕಿಗಳ ದನಿಯಿಂದ.

ಅಲ್ಲಮನ ಬೆಡಗಿನ ವಚನಗಳನ್ನು ನೋಡಿ. ಒಗಟಿನ ಹಾಗೆ ಮುಚ್ಚಿಕೊಂಡಿರುವ ಅವುಗಳಿಗಾಗಿಯೇ ಟೀಕೆ ಬರೆಯುವ ಪರಂಪರೆ ಬೆಳೆಯಿತು. ಜಾಯ್ಸ್ ಕೂಡ ತನ್ನ ಕಾದಂಬರಿಯ ಒಳಗಿನ ರಚನೆಯ ನಕ್ಷೆಯನ್ನು ಸ್ನೇಹಿತರಿಗೆ ಬರೆದುಕೊಟ್ಟ. ಅದನ್ನು ಇಟ್ಟುಕೊಂಡು ಸ್ಟುವರ್ಟ್ ಗಿಲ್ಬರ್ಟ್ 1930ರಲ್ಲಿ ವಿವರಣೆಯ ಪುಸ್ತಕ ತಂದ. ಶಿಶುನಾಳ ಶರೀಫರ ತತ್ವಪದಗಳಲ್ಲಿ ಕೋಳಿ ಕೋತಿಯನ್ನು ನುಂಗುತ್ತದೆ. ಭಜನೆಯವರು ಅದನ್ನು ಹಾಡಿ ಆನಂದಪಟ್ಟು, ತಿಳಿದವರನ್ನು ಕಂಡಾಗ ಅರ್ಥ ಕೇಳುತ್ತಾರೆ. ಅರ್ಥ ತಿಳಿಯುವವರೆಗೆ ಹಾಡುವುದಿಲ್ಲ ಎಂದು ಅವರು ಕೂತಿದ್ದರೆ ಆ ಪದಗಳು ನಮಗೆ ಉಳಿಯುತ್ತಿರಲಿಲ್ಲ.

‘ಯೂಲಿಸಿಸ್’ನ ಕೊನೆಯ ಅಧ್ಯಾಯದಲ್ಲಿ ಬ್ಲೂಮ್‌ನ ಹೆಂಡತಿ ಮಾಲಿ ಮಲಗಿದಲ್ಲೇ ಯೋಚಿಸುತ್ತಾಳೆ. ಇಡೀ ಅಧ್ಯಾಯ ಎಂಟೇ ವಾಕ್ಯ. ವಿರಾಮಚಿಹ್ನೆಗಳು ಇಲ್ಲವೇ ಇಲ್ಲವೆನ್ನಬೇಕು. ನಮ್ಮ ತಾಳೆಗರಿಗಳಲ್ಲಿ ಪದಗಳ ನಡುವೆ ತೆರಪೂ ಇರುತ್ತಿರಲಿಲ್ಲ. ಎಲ್ಲಿ ಕಡಿದು ಓದಬೇಕು ಎಂಬುದನ್ನು ಓದುವವನ ಉಸಿರು, ಛಂದಸ್ಸಿನ ಲಯ ಹೇಳಿಕೊಡುತ್ತಿದ್ದವು. ಮಾಲಿಯ ಮಾತನ್ನು ದನಿ ಎತ್ತಿ ಓದಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಐರಿಷ್ ಜನರೂ ಈ ದಾರಿಯನ್ನೇ ಹಿಡಿದರು. ಜಾಯ್ಸ್ ಹುಟ್ಟಿ ನೂರು ವರ್ಷವಾದ 1982ರ ಜೂನ್ 16ರಂದು ಅಲ್ಲಿನ ಆಕಾಶವಾಣಿ ಕಾದಂಬರಿಯನ್ನು ಪೂರ್ತಿಯಾಗಿ, ಸುಮಾರು ಮೂವತ್ತು ತಾಸು ಎಡೆಬಿಡದೆ ಓದಿ ಕೇಳಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪು 1995ರಲ್ಲಿ ‘ಫಿನೆಗನ್ಸ್ ವೇಕ್’ ಓದಲು ಕೂತು 2023ರಲ್ಲಿ ಮುಗಿಸಿತು. ಕೊನೆಯ ವಾಕ್ಯ ಮೊದಲ ವಾಕ್ಯಕ್ಕೆ ಕೂಡಿಕೊಳ್ಳುವ ಪುಸ್ತಕವಾದ್ದರಿಂದ ಅವರು ಮತ್ತೆ ಮೊದಲ ಪುಟಕ್ಕೆ ಬಂದರು. ಇಪ್ಪತ್ತೆಂಟು ವರ್ಷ ಅವರನ್ನು ಹಿಡಿದಿಟ್ಟದ್ದು ಪರೀಕ್ಷೆಯಲ್ಲ, ಪದವಿಯಲ್ಲ. ಕೂಡಿ ಕೂತು ಓದುವ ಸುಖ.

ಎಲ್ಲಿಂದ ಹಿಡಿಯಬೇಕು

ಹೊಸಬರು 1914ರ ‘ಡಬ್ಲಿನರ್ಸ್’ನ ಹದಿನೈದು ಕಥೆಗಳಿಂದ ಆರಂಭಿಸುವುದು ಒಳ್ಳೆಯದು. ಅವು ತಿಳಿಗನ್ನಡದ ಕಥೆಗಳಷ್ಟೇ ನೇರ. ‘ಯೂಲಿಸಿಸ್’ಗೆ ಬಂದಾಗ ನಾಲ್ಕನೆಯ ಅಧ್ಯಾಯ ಮೊದಲು ತೆರೆಯಿರಿ, ಅಲ್ಲಿ ಅಡುಗೆಮನೆಯಿದೆ, ಬೆಕ್ಕಿದೆ, ಬ್ಲೂಮ್ ಇದ್ದಾನೆ. ಅವನ ಸ್ನೇಹವಾದ ಮೇಲೆ ಬಿಟ್ಟ ಮೂರು ಅಧ್ಯಾಯಗಳಿಗೆ ಹಿಂದಿರುಗಬಹುದು. ತಿಳಿಯದ ಸಾಲಿಗೆ ಗುರುತು ಹಾಕಿ ಮುಂದೆ ಹೋಗಿ. ಅದರ ಉತ್ತರ ಎಷ್ಟೋ ಸಲ ಇನ್ನೂರು ಪುಟಗಳಾಚೆ ಸಿಗುತ್ತದೆ. ಜಾಯ್ಸ್ ತೀರಿಕೊಂಡದ್ದು 1941ರಲ್ಲಿ. ಅವನ ಬದುಕಿನ ಕಾಲದಲ್ಲಿ ಪ್ರಕಟವಾದ ಪುಸ್ತಕಗಳಿಗೆ ಭಾರತದಲ್ಲಿ ಈಗ ಕೃತಿಸ್ವಾಮ್ಯದ ತಡೆಯಿಲ್ಲ. ಮೊಬೈಲಿನಲ್ಲೇ ಓದಬಹುದು, ಓದಿಸಿ ಕೇಳಬಹುದು, ಕನ್ನಡಕ್ಕೆ ತರಲೂಬಹುದು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಲಕ್ಕಲಕಟ್ಟಿಯಾಗಲಿ, ರೋಣ, ನರಗುಂದ ತಾಲ್ಲೂಕುಗಳ ಹಳ್ಳಿಗಳಾಗಲಿ, ವಾರದಲ್ಲಿ ಒಂದು ಸಂಜೆ ಅಲ್ಲಿ ಕಠಿಣ ಪುಸ್ತಕವೊಂದನ್ನು ಪುರಾಣ ಹಚ್ಚಿದ ಹಾಗೆ ಹಚ್ಚಲಿ. ಇಂಗ್ಲಿಷ್ ಬಲ್ಲ ಕಾಲೇಜಿನ ಹುಡುಗಿ ಓದಲಿ, ನಿವೃತ್ತ ಮಾಸ್ತರರು ಬಿಡಿಸಿ ಹೇಳಲಿ, ಪುರಾಣ ಕೇಳಿ ಕಿವಿ ಪಳಗಿದ ಹಿರಿಯರು ಪ್ರಶ್ನೆ ಕೇಳಲಿ. ಮೊದಲ ವರ್ಷ ‘ಕುಸುಮಬಾಲೆ’, ಎರಡನೆಯ ವರ್ಷ ‘ಮಲೆಗಳಲ್ಲಿ ಮದುಮಗಳು’, ಮೂರನೆಯ ವರ್ಷ ಬ್ಲೂಮ್‌ನ ಒಂದು ದಿನ. ಕುಮಾರವ್ಯಾಸನನ್ನು ಆರುನೂರು ವರ್ಷ ಕೇಳಿ ಉಳಿಸಿಕೊಂಡ ಸೀಮೆಗೆ ಇದು ಮೀರಿದ ಕೆಲಸವೇನಲ್ಲ.