ಸೊಂಟಕ್ಕೊಂದು ಪಿಸ್ತೂಲು: ಕೊಳ್ಳುವ ಮುನ್ನ



ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಸದಸ್ಯರೊಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ಸಾರ್, ನೀವು ಶೂಟಿಂಗ್ ರೇಂಜಿಗೆ ಹೋಗ್ತೀರಂತಲ್ಲ, ಶರ್ಟಿನ ಒಳಗೆ ಇಟ್ಕೊಳ್ಳೋಕೆ ಯಾವ ಗನ್ ಒಳ್ಳೇದು?" 2025ರ ಸೆಪ್ಟೆಂಬರಿನಲ್ಲಿ ಡಾಲಸ್ಸಿನ ಮೋಟೆಲೊಂದರಲ್ಲಿ ಕರ್ನಾಟಕ ಮೂಲದವರೊಬ್ಬರ ಕೊಲೆಯಾದ ಮೇಲೆ ಈ ಪ್ರಶ್ನೆ ನನಗೆ ಆಗಾಗ ಬರುತ್ತಿದೆ. ಕೊಡಗಿನವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಕೋವಿ ಮುಟ್ಟಿ ಬೆಳೆದವರಲ್ಲ. ಹಾಗಾಗಿ ಅಂಗಡಿಯವನು ಹೇಳಿದ್ದೇ ವೇದವಾಕ್ಯವಾಗಿಬಿಡುತ್ತದೆ. ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಟೆಕ್ಸಸ್ಸಿನಲ್ಲಿ ಹನ್ನೆರಡು ವರ್ಷದಿಂದ ಗುರಿ ಅಭ್ಯಾಸ ಮಾಡುತ್ತಿರುವ ಒಬ್ಬ ಸಾಮಾನ್ಯ ಸದಸ್ಯ.

ಅವರಿಗೆ ನಾನು ಮೊದಲು ಕೇಳಿದ್ದು ಗನ್ ವಿಷಯವನ್ನಲ್ಲ. "ನಿಮ್ಮ ವೀಸಾ ಯಾವುದು?" ಅಂತ. ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ನಮ್ಮ ರಾಜ್ಯದ ಕಾನೂನು ಎಷ್ಟೇ ಸಡಿಲವಿದ್ದರೂ ಇದು ಬದಲಾಗುವುದಿಲ್ಲ. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತಿರುವವರು ಇಮಿಗ್ರೇಷನ್ ವಕೀಲರನ್ನು ಕೇಳದೆ ಅದನ್ನು ನಂಬಿ ಹೊರಡಬೇಡಿ. ರೇಂಜಿನಲ್ಲಿ ಬಾಡಿಗೆ ಗನ್ ಹಿಡಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಕಾರ್ಡ್ ಬಂದವರು ಮತ್ತು ನಾಗರಿಕರು ಕೊಳ್ಳಬಹುದು. ಲೈಸೆನ್ಸ್ ಇರುವ ಡೀಲರ್ ಪಿಸ್ತೂಲು ಮಾರುವುದು 21 ತುಂಬಿದವರಿಗೆ ಮಾತ್ರ. ಕೊಳ್ಳುವಾಗ ಫಾರ್ಮ್ 4473 ತುಂಬಬೇಕು. "ನನ್ನ ಹೆಸರಲ್ಲಿ ಕೊಂಡು ಗೆಳೆಯನಿಗೆ ಕೊಟ್ಟರಾಯಿತು" ಅನ್ನುವ ಧಾರಾಳತನ ಇಲ್ಲಿ ಬೇಡವೇ ಬೇಡ, ಅದು ಅಪರಾಧ. ಗಂಡ ನಾಗರಿಕ, ಹೆಂಡತಿ ಇನ್ನೂ ವೀಸಾದಲ್ಲಿ ಇರುವ ಮನೆಗಳೂ ನಮ್ಮಲ್ಲಿವೆ. ಅಂಥಲ್ಲಿ ಸೇಫಿನ ಬೀಗದ ನಂಬರ್ ಯಾರಿಗೆ ಗೊತ್ತಿರಬೇಕು ಅನ್ನುವುದನ್ನೂ ಮೊದಲೇ ವಕೀಲರನ್ನು ಕೇಳಿಕೊಳ್ಳಿ.

ಇನ್ನು ಗನ್ ವಿಷಯ. ಮೊದಲ ಸಲ ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಅಂಗಡಿಗೆ ಹೋಗಿ ಎಲ್ಲಕ್ಕಿಂತ ಪುಟ್ಟದ್ದನ್ನು ಆರಿಸಿದೆ. ರೂಗರ್ ಎಲ್‌ಸಿಪಿ ಅಂತ, 2008ರಲ್ಲಿ ಬಂದ .380 ಗುಂಡಿನ ಪಿಸ್ತೂಲು. ತೂಕ ಸುಮಾರು 270 ಗ್ರಾಂ, ಪ್ಯಾಂಟಿನ ಜೇಬಿನಲ್ಲಿ ಮುಚ್ಚಿಹೋಗುತ್ತಿತ್ತು. ಹೆಮ್ಮೆಯಿಂದ ರೇಂಜಿಗೆ ಹೋದೆ. ಏಳು ಗಜ ದೂರದ ಕಾಗದದ ಮೇಲೆ ನನ್ನ ಗುಂಡುಗಳು ಊಟದ ತಟ್ಟೆಯಷ್ಟು ಜಾಗದಲ್ಲಿ ಚೆಲ್ಲಾಪಿಲ್ಲಿ! ಮೂವತ್ತು ಗುಂಡು ಹಾರಿಸುವಷ್ಟರಲ್ಲಿ ಅಂಗೈ ಕೆಂಪಾಗಿತ್ತು.

ಕಾರಣ ಸರಳ. ಗುಂಡು ಮುಂದಕ್ಕೆ ಹಾರುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಪಿಸ್ತೂಲು ಹಗುರವಾದಷ್ಟೂ ಆ ಒದೆತ ಕೈಗೆ ಜೋರಾಗಿ ತಾಗುತ್ತದೆ. ಹಿಡಿ ಚಿಕ್ಕದಾದರೆ ಅದರ ಮೇಲೆ ಎರಡೇ ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ನಳಿಗೆ ಗಿಡ್ಡವಾದರೆ ಮುಂದಿನ ಗುರಿಮೊಳೆಗೂ ಹಿಂದಿನದಕ್ಕೂ ಅಂತರ ಕಮ್ಮಿ, ಕೈಯ ಸಣ್ಣ ನಡುಕವೂ ದೂರದಲ್ಲಿ ದೊಡ್ಡ ತಪ್ಪಾಗುತ್ತದೆ. ಬಚ್ಚಿಡಲು ಸುಲಭವಾದದ್ದು ಹೊಡೆಯಲು ಕಷ್ಟ, ಹೊಡೆಯಲು ಸುಲಭವಾದದ್ದು ಬಚ್ಚಿಡಲು ಕಷ್ಟ. ಗುರಿ ತಪ್ಪಿದ ಗುಂಡು ಗೋಡೆ ದಾಟಿ ಪಕ್ಕದ ಮನೆಯ ಮಗುವಿನ ಕೋಣೆಗೂ ಹೋಗಬಹುದು ಎನ್ನುವುದು ನೆನಪಿದ್ದರೆ ಈ ಲೆಕ್ಕ ಬೇಗ ತಲೆಗೆ ಹತ್ತುತ್ತದೆ.

ಇನ್ನೊಂದು ತುದಿಯಲ್ಲಿ 1988ರಲ್ಲಿ ಬಂದ ಗ್ಲಾಕ್ 19 ಇದೆ. 9 ಎಂಎಂ ಗುಂಡು, ನಾಲ್ಕು ಇಂಚಿನ ನಳಿಗೆ, ಮ್ಯಾಗಜಿನ್‌ನಲ್ಲಿ 15 ಗುಂಡು. ಗುಂಡು ತುಂಬಿದಾಗ 850 ಗ್ರಾಂ ಆಸುಪಾಸು. ಹೊಡೆಯಲು ಬಹಳ ಹಿತ. ಆದರೆ ನನ್ನಂಥ ಸಣಕಲು ದೇಹದವರು ಟೀ ಶರ್ಟ್ ಹಾಕಿಕೊಂಡರೆ ಸೊಂಟದಲ್ಲಿ ಏನೋ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಇವೆರಡರ ನಡುವೆ 2018ರಲ್ಲಿ ಸಿಗ್ ಪಿ365 ಬಂತು. ಮೂರು ಇಂಚಿನ ನಳಿಗೆ, ಅರ್ಧ ಕೆಜಿ ತೂಕ, ಆದರೂ ಮ್ಯಾಗಜಿನ್‌ನಲ್ಲಿ ಹತ್ತು ಗುಂಡು. ಅಷ್ಟು ಸಣ್ಣದರಲ್ಲಿ ಅಷ್ಟು ತುಂಬಿದ್ದು ಆಗ ದೊಡ್ಡ ಸುದ್ದಿ, ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ಮೊದಲ ಬಾರಿ ಕೊಳ್ಳುವವರಿಗೆ ನಾನು ಹೇಳುವುದು ಈ ನಡುವಿನ ಅಳತೆಯ 9 ಎಂಎಂ. ಕಂಪನಿ ಯಾವುದಾದರೂ ಸರಿ, ಕೈಗೆ ಕೂರಬೇಕು. ಚಪ್ಪಲಿ ಕೊಂಡ ಹಾಗೆ!

ರಿವಾಲ್ವರ್ ಸುಲಭ ಅಂತ ಹೆಂಗಸರಿಗೆ ಮಾರುವ ಅಂಗಡಿಗಳಿವೆ. ಐದು ಗುಂಡಿನ ಪುಟ್ಟ .38 ರಿವಾಲ್ವರಿನ ಟ್ರಿಗರ್ ಎಳೆಯುವುದು ಬಲು ಗಟ್ಟಿ, ಒದೆತವೂ ಜೋರು. ನನ್ನ ಹೆಂಡತಿಗೆ ಅದೂ ಒಗ್ಗಲಿಲ್ಲ, ನನ್ನ ಪಿಸ್ತೂಲಿನ ಸ್ಲೈಡ್ ಹಿಂದಕ್ಕೆ ಎಳೆಯಲೂ ಆಗಲಿಲ್ಲ. ಸ್ಮಿತ್ ಅಂಡ್ ವೆಸ್ಸನ್‌ನವರ ಶೀಲ್ಡ್ ಈಜ಼ಿ ಅಂತ ಇದೆ, ಸ್ಲೈಡ್ ಸಲೀಸಾಗಿ ಎಳೆಯಲೆಂದೇ ಮಾಡಿದ್ದು. ಅವಳಿಗೆ ಅದು ಸರಿಹೋಯಿತು, ಈಗ ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಬಾಡಿಗೆಗೆ ಕೊಡುವ ರೇಂಜುಗಳಲ್ಲಿ ಮೂರು ನಾಲ್ಕನ್ನು ಹೊಡೆದು ನೋಡಿ ಆಮೇಲೆ ಕೊಳ್ಳಿ. ಒಬ್ಬ ಶಿಕ್ಷಕರ ಬಳಿ ಒಂದು ದಿನದ ಕ್ಲಾಸ್ ತೆಗೆದುಕೊಳ್ಳಿ.

ಪಿಸ್ತೂಲಿಗೆ ಐದಾರು ನೂರು ಡಾಲರ್ ಕೊಟ್ಟವರು ಹೋಲ್‌ಸ್ಟರಿಗೆ ಹದಿನೈದು ಡಾಲರ್ ಕೊಡಲು ಚೌಕಾಸಿ ಮಾಡುತ್ತಾರೆ. ದಯವಿಟ್ಟು ಬೇಡ. ಟ್ರಿಗರನ್ನು ಪೂರ್ತಿ ಮುಚ್ಚುವ, ಗಟ್ಟಿ ಪ್ಲಾಸ್ಟಿಕ್ಕಿನ, ಆ ಮಾಡೆಲ್ಲಿಗೆಂದೇ ಮಾಡಿದ ಹೋಲ್‌ಸ್ಟರ್ ಬೇಕು, ಜೊತೆಗೆ ಬಿಗಿಯಾದ ಬೆಲ್ಟ್. (ಪಂಚೆ ಉಟ್ಟ ದಿನ ಪಿಸ್ತೂಲು ಮನೆಯಲ್ಲೇ ಇರಲಿ.) ವ್ಯಾನಿಟಿ ಬ್ಯಾಗಿನಲ್ಲಂತೂ ಇಡಲೇಬೇಡಿ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಹೇಡನ್ ಊರಿನ ವಾಲ್‌ಮಾರ್ಟಿನಲ್ಲಿ ಎರಡು ವರ್ಷದ ಮಗುವೊಂದು ತಾಯಿಯ ಬ್ಯಾಗಿಗೆ ಕೈಹಾಕಿ, ಒಳಗಿದ್ದ ಪಿಸ್ತೂಲು ಸಿಡಿದು, ಆಕೆ ಅಲ್ಲೇ ತೀರಿಕೊಂಡಳು. ಅದು ಗನ್ ಇಡಲೆಂದೇ ಜಿಪ್ ಜೇಬು ಇದ್ದ ಬ್ಯಾಗು.

ಮನೆಯಲ್ಲಿ ಮೈಮೇಲೆ ಇಲ್ಲದ ಹೊತ್ತು ಅದು ಸೇಫಿನಲ್ಲಿರಬೇಕು. ಬಟ್ಟೆ ಕಪಾಟಿನ ಮೇಲಲ್ಲ, ದಿಂಬಿನ ಕೆಳಗಲ್ಲ. ಬೆರಳೊತ್ತಿ ಎರಡು ಸೆಕೆಂಡಿನಲ್ಲಿ ತೆರೆಯುವ ಪುಟ್ಟ ಸೇಫುಗಳು ಸಿಗುತ್ತವೆ, ಅದನ್ನು ಬೋಲ್ಟ್ ಹಾಕಿ ಮಂಚದ ಪಕ್ಕ ಕೂರಿಸಿ. ಟೆಕ್ಸಸ್ಸಿನಲ್ಲಿ 17ರೊಳಗಿನ ಮಕ್ಕಳ ಕೈಗೆ ಸಿಗುವಂತೆ ತುಂಬಿದ ಗನ್ ಇಡುವುದೇ ಅಪರಾಧ. ಸಣ್ಣ ಮಕ್ಕಳದಷ್ಟೇ ಚಿಂತೆಯಲ್ಲ. ಈ ದೇಶದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಆತ್ಮಹತ್ಯೆಗಳು. ಗ್ರೇಡು, ಕಾಲೇಜು ಅಂತ ಒದ್ದಾಡುವ ಹದಿನಾರರ ಮಗ ಇರುವ ಮನೆಯಲ್ಲಿ, ಅಥವಾ ಯಾರಿಗಾದರೂ ಮನಸ್ಸು ಸರಿಯಿಲ್ಲದ ದಿನಗಳಲ್ಲಿ, ನನ್ನನ್ನು ಕೇಳಿದರೆ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಒಳ್ಳೆಯ ಬಾಗಿಲ ಬೀಗ, ಕ್ಯಾಮೆರಾ, ಅಲಾರಾಂ ಸಾಕು. ಯುಗಾದಿಯಂದು ಕೇಳಿದವರಿಗೂ ಅದನ್ನೇ ಹೇಳಿದೆ. ಅವರು ಸ್ವಲ್ಪ ಬೇಸರಪಟ್ಟುಕೊಂಡರು ಅನ್ನಿಸಿತು.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್ಸಿನಲ್ಲಿ 21 ದಾಟಿದ, ಕಾನೂನಿನ ಅಡ್ಡಿಯಿಲ್ಲದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿ. ಶಾಲೆಯಿಂದ ಸಾವಿರ ಅಡಿಯೊಳಗೆ ಗನ್ ತರುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ, ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ದಿನಾ ಮಕ್ಕಳನ್ನು ಶಾಲೆಗೆ ಬಿಡುವ ನಮಗೆ ಇದು ಸಣ್ಣ ಮಾತಲ್ಲ. ಕಟ್ಟಡದ ಒಳಗೆ ಲೈಸೆನ್ಸ್ ಇದ್ದವರೂ ಒಯ್ಯುವಂತಿಲ್ಲ. ನಮ್ಮ ಕನ್ನಡ ತರಗತಿ, ರಾಜ್ಯೋತ್ಸವದ ನಾಟಕ ಎಲ್ಲ ನಡೆಯುವುದು ಶಾಲೆಗಳಲ್ಲೇ ಅನ್ನುವುದು ನೆನಪಿರಲಿ.

ಕೊನೆಗೆ ಒಂದು ವಿಷಯ, ರೇಂಜಿಗೆ ಒಯ್ಯುವ ಬ್ಯಾಗು. ಅದನ್ನು ಬೇರೆಯಾಗಿಯೇ ಇಡಿ, ಊರಿಗೆ ಹೋಗುವಾಗ ಅವಸರದಲ್ಲಿ ಅದನ್ನೇ ಕ್ಯಾಬಿನ್ ಬ್ಯಾಗ್ ಮಾಡಿಕೊಳ್ಳಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡಿನಿಂದಾಗಿ ಭಾರತದ ವಿಮಾನ ನಿಲ್ದಾಣಗಳಲ್ಲಿ ಆಯುಧ ಕಾಯಿದೆಯಡಿ ಕೇಸು ಹಾಕಿಸಿಕೊಂಡವರಿದ್ದಾರೆ. ಗೊತ್ತಿಲ್ಲದೆ ಉಳಿದದ್ದು ಎಂದು ಹೈಕೋರ್ಟುಗಳು ಅಂಥ ಎಷ್ಟೋ ಕೇಸುಗಳನ್ನು ರದ್ದು ಮಾಡಿವೆ. ಆದರೆ ಅಲ್ಲಿಯವರೆಗೆ ರಜೆಯೂ ಮುಗಿದಿರುತ್ತದೆ, ವಾಪಸ್ ಟಿಕೆಟ್ಟೂ ಹೋಗಿರುತ್ತದೆ. ನನ್ನ ರೇಂಜ್ ಬ್ಯಾಗು ಕಡುಗೆಂಪು ಬಣ್ಣದ್ದು, ಮನೆಯಲ್ಲಿ ಆ ಬಣ್ಣದ ಬ್ಯಾಗು ಇನ್ನೊಂದಿಲ್ಲ.