ಹಳೆಯ ಮೋಟಾರಿನ ತಾಪ

2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಗಾಡಿಯನ್ನು ಇನ್ನೂ ಪ್ರೀತಿಯಿಂದ ನಡೆಸುವವರು ನಮ್ಮಲ್ಲಿ ಉಂಟು. ಬನಶಂಕರಿಯಿಂದ ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳನ್ನು ಹಾದು ಸಿಲ್ಕ್ ಬೋರ್ಡ್ ಸೇರುವಷ್ಟರಲ್ಲಿ ಅದರ ಉಷ್ಣಮಾಪಕದ ಮುಳ್ಳು ಮೇಲೇರಿದರೆ, ನಾವು ಮೊದಲು ವಿಚಾರಿಸಬೇಕಾದುದು ಇಷ್ಟೆ: ಎಂಜಿನ್ ಕಾಯುವುದು ಗಾಡಿ ನಿಂತಾಗಲೋ, ಓಡುವಾಗಲೋ?

ನಿಂತಾಗ ಮಾತ್ರವಾದರೆ ಕೊರತೆ ಬಹುಮಟ್ಟಿಗೆ ಗಾಳಿಯದು. ಈ ಗಾಡಿಯ ಫ್ಯಾನನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಸಂದಣಿಯಲ್ಲಿ ಎಂಜಿನ್ ಮಂದವಾದರೆ ಫ್ಯಾನೂ ಮಂದ, ಬೆಲ್ಟು ಸಡಿಲವಾಗಿದ್ದರೆ ಇನ್ನೂ ಮಂದ. ತೆರವಾದ ರಸ್ತೆಯಲ್ಲಿಯೂ ಕಾದರೆ ನೀರಿನ ಹಾದಿಯನ್ನು ಶೋಧಿಸಬೇಕು. ಎಂಜಿನ್ ಸುಡುತ್ತಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರು ಕೊಳವೆ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲವೆಂದು ಊಹಿಸಬಹುದು. ಕೊಳವೆಬಾವಿಯ ಗಡಸು ನೀರನ್ನೇ ತುಂಬುತ್ತ ಬಂದವರ ರೇಡಿಯೇಟರಿನೊಳಗೆ, ಸ್ನಾನದ ಹಂಡೆಯಲ್ಲಿ ಕಟ್ಟುವಂಥ ಬಿಳಿಯ ಪೊರೆಯೇ ಕಟ್ಟಿರುತ್ತದೆ.

ರೇಡಿಯೇಟರಿನ ಮುಚ್ಚಳದ ಮೇಲೆ ಮಾತ್ರ ಯಾರಿಗೂ ಸಂಶಯ ಬರುವುದಿಲ್ಲ. ನಮಗೂ ಬಾರದೆ, ಪಂಪನ್ನು ವ್ಯರ್ಥವಾಗಿ ಬದಲಾಯಿಸಿದೆವು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಒತ್ತಡವನ್ನು ಹಿಡಿದಿಟ್ಟು ಆ ಕುದಿತವನ್ನು ತಡೆಯುವುದು ಮುಚ್ಚಳ. ಅದರ ರಬ್ಬರು ಸವೆದರೆ ನೀರು ಬೇಗನೆ ಕುದಿದು ಹೊರಚೆಲ್ಲುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದವರ ಮುಖ ಬೇಯುವುದೂ ಅದೇ ಒತ್ತಡದಿಂದಲೇ. ಎಂಜಿನ್ ಆರುವವರೆಗೆ ತಾಳಬೇಕು. ಅವಸರದಲ್ಲಿ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯಲೂಬಹುದು.