ಹೊರಡುವುದೋ, ಇರುವುದೋ?

2023ರ ಅಕ್ಟೋಬರ್ ತಿಂಗಳ ಎರಡನೆಯ ವಾರ. ಸಂಜೆ ಕಛೇರಿಯಿಂದ ಬಂದು ಕಾಲು ತೊಳೆದುಕೊಂಡು ಕಾಫಿಗೆ ಕುಳಿತಿದ್ದೆವು. ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ಉಡುಪಿ ಕಡೆಯ ತಾಯಿಯೊಬ್ಬರು ಕೈಯಲ್ಲಿ ಮೊಬೈಲು ಹಿಡಿದುಕೊಂಡು ಒಳಗೆ ಬಂದರು. ಅವರ ಮಗಳು ಇಸ್ರೇಲಿನಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಯುದ್ಧ ಆರಂಭವಾಗಿ ಐದಾರು ದಿನಗಳಾಗಿದ್ದವು.

“ನೀನು ಸರಕಾರಿ ಆಫೀಸಿನವ, ಇದನ್ನು ಓದಿ ಹೇಳು ಮಗಾ” ಎಂದು ಮೊಬೈಲನ್ನು ಮುಂದೆ ಹಿಡಿದರು. ಭಾರತದ ರಾಯಭಾರ ಕಚೇರಿಯ ಇಂಗ್ಲಿಷ್ ಪ್ರಕಟಣೆ. ಮರಳಿ ಬರಲು ಇಚ್ಛಿಸುವವರು ಹೆಸರು ನೋಂದಾಯಿಸಿಕೊಂಡರೆ ವಿಮಾನದಲ್ಲಿ ಉಚಿತವಾಗಿ ಕರೆತರುತ್ತೇವೆ ಎಂಬುದು ಅದರ ಸಾರಾಂಶ. ಓದಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಅವಳಿಗೆ ಬಾ ಅನ್ನಲೋ, ಇರು ಅನ್ನಲೋ? ನೀನೇ ಹೇಳು” ಎಂದರು.

ನಮ್ಮ ಕಛೇರಿಯಲ್ಲಿ ಹತ್ತು ವರ್ಷಗಳಿಂದ ಎಷ್ಟೋ ಅರ್ಜಿಗಳಿಗೆ ಟಿಪ್ಪಣಿ ಬರೆದಿದ್ದೇವೆ. ಈ ಒಂದು ಅರ್ಜಿಗೆ ಬರೆಯಲು ನಮ್ಮಲ್ಲಿ ಒಂದಕ್ಷರವೂ ಇರಲಿಲ್ಲ. ಆಗ ನೆನಪಾದದ್ದು ನಮ್ಮ ಅಜ್ಜಿ. ಇದೇ ಪ್ರಶ್ನೆ 1942ರಲ್ಲಿ ಇದೇ ಮೈಲಾಪುರದ ಮನೆಮನೆಯ ಜಗಲಿಯ ಮೇಲೂ ಬಂದು ಕುಳಿತಿತ್ತು.

ವಾಚಕರಲ್ಲಿ ಹಿರಿಯರಾದವರಿಗೆ ತಮ್ಮ ತಂದೆತಾಯಿಗಳ ಬಾಯಿಂದ ಕೇಳಿ ಗೊತ್ತಿರಬಹುದು. ಮದರಾಸಿಗೆ ಯುದ್ಧದ ರುಚಿ ಮೊದಲು ತಗಲಿದ್ದು 1914ರ ಸೆಪ್ಟೆಂಬರ್ 22ರ ರಾತ್ರಿ. ‘ಎಂಡನ್’ ಎಂಬ ಜರ್ಮನ್ ಹಡಗು ಕತ್ತಲೆಯಲ್ಲಿ ರೇವಿನ ಸಮೀಪಕ್ಕೆ ಬಂದು, ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ, ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಹೊರಟುಹೋಯಿತು. ಸತ್ತವರು ಬೆರಳೆಣಿಕೆಯಷ್ಟು ಮಂದಿ. ಆದರೆ ಮರುದಿನದಿಂದ ಊರು ಬಿಟ್ಟು ಓಡಿದವರಿಗೆ ಲೆಕ್ಕವಿರಲಿಲ್ಲ. ಆ ಹಡಗು ಅದೇ ನವೆಂಬರಿನಲ್ಲಿ ಕೋಕೋಸ್ ದ್ವೀಪಗಳ ಬಳಿ ನಾಶವಾಯಿತು. ಅದರ ಹೆಸರು ಮಾತ್ರ ತಮಿಳಿನಲ್ಲಿ ಉಳಿದುಕೊಂಡಿತು. ಎದೆಗಾರನಾದ ಚಾಲಾಕಿ ಮನುಷ್ಯನನ್ನು ಇಲ್ಲಿಯವರು ‘ಎಂಡನ್’ ಎನ್ನುತ್ತಾರೆ. ಆ ದಾಳಿಯ ನೆನಪಿನ ಕಲ್ಲನ್ನು ಹೈಕೋರ್ಟಿನ ಕಾಂಪೌಂಡಿನ ಗೋಡೆಯಲ್ಲಿ ಇಂದಿಗೂ ಕಾಣಬಹುದು.

1942ರ ಭಯ ಅದಕ್ಕಿಂತ ದೊಡ್ಡದು. ಫೆಬ್ರುವರಿ 15ರಂದು ಸಿಂಗಪುರ ಬಿದ್ದಿತು. ಮಾರ್ಚ್ 8ರಂದು ರಂಗೂನ್ ಜಪಾನೀಯರ ವಶವಾಯಿತು. ರಂಗೂನ್ ಆಗ ಹೆಸರಿಗೆ ಬರ್ಮಾ ದೇಶದ ರಾಜಧಾನಿಯಾದರೂ, ಅದರ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಭಾರತೀಯರೇ. ಬಂದರಿನ ಕೂಲಿಗಳು, ಚೆಟ್ಟಿಯಾರರು, ಗುಮಾಸ್ತರು, ಅಂಗಡಿಯವರು ಎಲ್ಲರೂ ಅಲ್ಲಿದ್ದರು. 1941ರ ಡಿಸೆಂಬರ್ 23ರಂದು ಮೊದಲ ವಿಮಾನದಾಳಿಯಾದಾಗ ಜನ ಒಳಗೆ ಅಡಗುವುದನ್ನು ಬಿಟ್ಟು ಬೀದಿಯಲ್ಲಿ ನಿಂತು ಆಕಾಶದ ಕಾಳಗವನ್ನು ನೋಡುತ್ತಿದ್ದರಂತೆ. ಅದೇ ಅವರಿಗೆ ಮುಳುವಾಯಿತು. ಉಳಿದವರು ಮೂಟೆ ಕಟ್ಟಿಕೊಂಡು ಊರ ಹೊರಗೆ ನಡೆದರು. ಆದರೆ ಬಂದರು ನಡೆಯಬೇಕಾದರೆ ಕೂಲಿಗಳು ಬೇಕು. ಅಧಿಕಾರಿಗಳು ಹಿಂದೆ ಹೋಗಿ, ಸಮಾಧಾನ ಹೇಳಿ, ಬಹುಮಂದಿಯನ್ನು ಮರಳಿ ಕರೆತಂದರು. ಮಾತು ನಂಬಿ ಬಂದವರು ಮತ್ತೆ ಹೊರಡಬೇಕಾಗಿ ಬಂದಾಗ ಹಡಗಿನಲ್ಲಿ ಜಾಗವಿರಲಿಲ್ಲ, ಕೊನೆಗೆ ಹಡಗೇ ಇರಲಿಲ್ಲ. ಅರಾಕಾನಿನ ಬೆಟ್ಟ, ಮಣಿಪುರದ ಕಾಡು, ಹುಕಾಂಗ್ ಕಣಿವೆಗಳನ್ನು ಕಾಲ್ನಡಿಗೆಯಿಂದಲೇ ದಾಟಬೇಕಾಯಿತು. ಹೀಗೆ ಬರ್ಮಾ ಬಿಟ್ಟು ಬಂದ ಭಾರತೀಯರು ನಾಲ್ಕೈದು ಲಕ್ಷ ಮಂದಿ. ದಾರಿಯಲ್ಲಿ ಹಸಿವು, ಮಲೇರಿಯಾ, ಕಾಲರಾಗಳಿಗೆ ತುತ್ತಾದವರು ಹತ್ತಾರು ಸಾವಿರ. ಬಿಳಿಯರಿಗೆ ಸುಲಭದ ದಾರಿ, ಕರಿಯರಿಗೆ ಕಷ್ಟದ ದಾರಿ ಎಂಬ ಮಾತು ಆಗ ಹುಟ್ಟಿ ದೇಶವೆಲ್ಲಾ ಹರಡಿತು.

ಈ ಜನರಲ್ಲಿ ಅನೇಕರು ಮದರಾಸು ರೇವಿನಲ್ಲಿ ಬಂದಿಳಿದರು. ಮೈಲಾಪುರದ ಮಾಡಬೀದಿಗಳಲ್ಲಿ ಅವರ ಕಥೆಯೇ ಕಥೆ. ಏಪ್ರಿಲ್ 5ರಂದು ಕೊಲಂಬೋ ಮೇಲೆ ಬಾಂಬು ಬಿತ್ತು. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ. ಅದರ ಬೆನ್ನಿಗೇ, ಇಲ್ಲಿ ಇರಲೇಬೇಕಾದ ಕೆಲಸವಿಲ್ಲದವರು ಊರು ಬಿಡುವುದು ಒಳ್ಳೆಯದೆಂದು ಮದರಾಸು ಸರಕಾರವೇ ಪ್ರಕಟಿಸಿತು. ಸರಕಾರದ ಕಛೇರಿಗಳು ಕಾಗದಪತ್ರ ಕಟ್ಟಿಕೊಂಡು ಒಳನಾಡಿನ ಊರುಗಳಿಗೆ ಹೊರಟವು. ಬಾಂಬು ಬಿದ್ದು ಬೋನು ಒಡೆದರೆ ಗತಿಯೇನೆಂದು ಮೃಗಾಲಯದ ಹುಲಿ ಸಿಂಹಗಳನ್ನು ಗುಂಡಿಟ್ಟು ಕೊಂದರು. ಆ ಸುದ್ದಿ ಕೇಳಿದ ಮೇಲೆ ಮನುಷ್ಯರಿಗೆ ಧೈರ್ಯ ಎಲ್ಲಿಂದ ಬರಬೇಕು?

ಇಲ್ಲಿಯ ಕನ್ನಡಿಗರ ಸ್ಥಿತಿ ವಿಚಿತ್ರವಾಗಿತ್ತು. ದಕ್ಷಿಣ ಕನ್ನಡ, ಬಳ್ಳಾರಿಯವರಿಗೆ ಮದರಾಸು ತಮ್ಮದೇ ರಾಜಧಾನಿ; ಆ ಎರಡು ಜಿಲ್ಲೆಗಳೂ ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ಮೈಸೂರು ಸೀಮೆಯವರಾದರೋ ಮಹಾರಾಜರ ಪ್ರಜೆಗಳು. ಕಾಗದದ ಮೇಲೆ ನೋಡಿದರೆ ಇಲ್ಲಿ ಪರಸ್ಥಳದವರೇ. ಆದರೆ ಇಬ್ಬರಿಗೂ ಒಂದು ಸೌಕರ್ಯವಿತ್ತು. ಹೋಗಲು ಒಂದು ‘ಊರು’ ಇತ್ತು. ಸಮುದ್ರದಿಂದ ದೂರದಲ್ಲಿ ಊರಿದ್ದ ಮೈಸೂರು ಸೀಮೆಯವರಿಗಂತೂ ಅದು ದೊಡ್ಡ ಭಾಗ್ಯವೆಂದೇ ಎಲ್ಲರೂ ಹೇಳಿದರು.

ನಮ್ಮ ಅಜ್ಜಿಗೆ ಆಗ ಹನ್ನೆರಡು ವರ್ಷ. ಆಕೆಯ ತಂದೆ ಇಲ್ಲಿ ಸರಕಾರಿ ಗುಮಾಸ್ತರು. ದಫ್ತರಗಳ ಜತೆಗೆ ಒಳನಾಡಿಗೆ ಹೊರಡಬೇಕೆಂದು ಅವರಿಗೆ ಹುಕುಂ ಆಗಿತ್ತು. ಹೆಂಡತಿ ತುಂಬಿದ ಬಸುರಿ, ಎಂಟನೆಯ ತಿಂಗಳು. ಮನೆಯಲ್ಲಿ ಎರಡು ರಾತ್ರಿ ಯಾರೂ ನಿದ್ದೆ ಮಾಡಲಿಲ್ಲವಂತೆ. ಇಲ್ಲಿಯೇ ಬಿಟ್ಟರೆ ಗಂಡಸರಿಲ್ಲದ ಮನೆ, ದೀಪ ಹಚ್ಚಬಾರದ ಕತ್ತಲೆ, ಮೇಲೆ ಬಾಂಬಿನ ಭಯ. ಊರಿಗೆ ಕಳುಹಿಸಿದರೆ ಅಂಥ ಮೈಯಲ್ಲಿ ರೈಲಿನ ನೂಕುನುಗ್ಗಲು. ಕೊನೆಗೆ ಕಳುಹಿಸುವುದೆಂದೇ ತೀರ್ಮಾನವಾಯಿತು. ಬೆಂಗಳೂರಿನ ತನಕ ಒಂದು ರೈಲು, ಅಲ್ಲಿಂದ ಅರಸೀಕೆರೆಗೆ ಇನ್ನೊಂದು, ಮುಂದೆ ಎತ್ತಿನ ಗಾಡಿ. ಸ್ಟೇಷನ್ನಿನಲ್ಲಿ ಮಕ್ಕಳನ್ನು ಕಿಟಕಿಯಿಂದ ಒಳಗೆ ತೂರಿಸಿದರಂತೆ. ಅಜ್ಜಿ ತನ್ನ ತಾಯಿಯ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು ರಾತ್ರಿಯೆಲ್ಲಾ ನಿಂತೇ ಇದ್ದಳು.

ಹೊರಡುವ ಮುನ್ನ ತಾಯಿ ಮನೆಯ ಬೀಗದ ಕೈಯನ್ನು ಹಾಲಿನವಳಿಗೆ ಕೊಟ್ಟು, “ನೀನೂ ಎಲ್ಲಿಗಾದರೂ ಹೋಗಬಾರದೇ?” ಎಂದು ಕೇಳಿದರಂತೆ. ಅವಳು ನಕ್ಕು, “ನಮಗೆ ಯಾವ ಊರಮ್ಮಾ? ಹಸುವನ್ನು ರೈಲಿಗೆ ಹತ್ತಿಸಲಾದೀತೇ?” ಎಂದಳು. ಅವಳೂ ಇದ್ದಳು, ಸಾಂಥೋಮ್ ಕಡಲತಡಿಯ ಬೆಸ್ತರೂ ಇದ್ದರು. ಊರು ಬಿಟ್ಟವರ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಬಿಡಲು ಬೇರೆ ಊರೇ ಇಲ್ಲದವರ ಕಥೆಯನ್ನು ಬರೆದವರು ಕಡಮೆ.

ಊರಿಗೆ ಹೋಗಿ ಮೂರು ವಾರದೊಳಗೆ, ಅವಧಿಗೆ ಮುಂಚೆಯೇ ಹೆರಿಗೆಯ ಬೇನೆ ಆರಂಭವಾಯಿತು. ಹಳ್ಳಿಯ ಸೂಲಗಿತ್ತಿ ತನ್ನಿಂದಾದಷ್ಟನ್ನೆಲ್ಲಾ ಮಾಡಿದಳು. ಡಾಕ್ಟರು ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ. ಗಾಡಿ ಕಟ್ಟಿಕೊಂಡು ಹೋದವರು ಬರುವಷ್ಟರಲ್ಲಿ ಬೆಳಗಾಗಿತ್ತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಮೈಲಾಪುರದಲ್ಲೇ ಇದ್ದಿದ್ದರೆ ತಿರುವಲ್ಲಿಕ್ಕೇಣಿಯ ಗೋಷಾ ಆಸ್ಪತ್ರೆ ಜಟಕಾ ಗಾಡಿಯಲ್ಲಿ ಹೋಗುವಷ್ಟು ಹತ್ತಿರ. ಆ ಮಗುವನ್ನು ಹನ್ನೆರಡು ವರ್ಷದ ನಮ್ಮ ಅಜ್ಜಿಯೇ ಎತ್ತಿ ಬೆಳೆಸಿದಳು.

ಇತ್ತ ಮದರಾಸಿಗೆ ಏನಾಯಿತು? ಏಪ್ರಿಲ್ 9ರಂದು ತ್ರಿಂಕೋಮಲಿಯ ಮೇಲೆ ದಾಳಿ ಮಾಡಿದ ಬಳಿಕ ಜಪಾನಿನ ನೌಕಾಬಲ ಹಿಂದಿರುಗಿ ಹೋಯಿತು. ಆ ಬೇಸಗೆಯಲ್ಲಿ ಮದರಾಸಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. ಮರುವರ್ಷ, 1943ರ ಅಕ್ಟೋಬರಿನಲ್ಲಿ, ಒಂಟಿ ವಿಮಾನವೊಂದು ಬಂದು ಬಾಂಬು ಹಾಕಿ ಹೋದದ್ದುಂಟು. ಅಷ್ಟರಲ್ಲಿ ಓಡಿದವರೆಲ್ಲಾ ಮರಳಿ ಬಂದು ಸಂಸಾರ ಹೂಡಿದ್ದರು. ಅಜ್ಜಿಯ ತಂದೆಯೂ ಮಕ್ಕಳನ್ನು ಕರೆದುಕೊಂಡು ಬಂದರು. ಹಾಲಿನವಳು ಬೀಗದ ಕೈ ತಂದುಕೊಟ್ಟಳು. ಹಿತ್ತಿಲಿನ ತುಳಸಿಗೆ ಅವಳು ದಿನವೂ ನೀರೆರೆದಿದ್ದಳು. ಯಜಮಾನಿ ಎಲ್ಲಿ ಎಂದು ಕೇಳಲು ಬಾಯಿ ತೆರೆದವಳು, ಕಂಕುಳಲ್ಲಿ ಮಗು ಎತ್ತಿಕೊಂಡಿದ್ದ ಹುಡುಗಿಯನ್ನು ನೋಡಿ ಸುಮ್ಮನಾದಳಂತೆ.

ನಾವು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದುಂಟು: “ಹಾಗಾದರೆ ನಿಮ್ಮಪ್ಪ ತಪ್ಪು ಮಾಡಿದರು ಅಲ್ಲವೇ ಅಜ್ಜಿ?” ಅಜ್ಜಿಗೆ ಕೋಪ ಬಂದದ್ದನ್ನು ನಾವು ನೋಡಿದ್ದು ಅದೊಂದೇ ಸಲ. “ಬಾಂಬು ಬಿದ್ದಿದ್ದರೆ ಅಪ್ಪನನ್ನು ಬುದ್ಧಿವಂತ ಅನ್ನುತ್ತಿದ್ದೆ. ಬೀಳಲಿಲ್ಲ, ಅದಕ್ಕೆ ತಪ್ಪು ಅನ್ನುತ್ತೀಯ. ಅಂದಿನ ರಾತ್ರಿ ಅವರಿಗೆ ಗೊತ್ತಿದ್ದದ್ದು ಎಷ್ಟು, ಅಷ್ಟರಲ್ಲಿ ನೋಡು” ಎಂದಳು. ಅವರ ತಂದೆ ಮಾತ್ರ ಸಾಯುವ ತನಕ ಏಪ್ರಿಲ್ ತಿಂಗಳು ಬಂತೆಂದರೆ ಮಾತು ಕಡಮೆ ಮಾಡುತ್ತಿದ್ದರಂತೆ.

ಎಲ್ಲರಿಗೂ ಹೀಗೆ ಆರಿಸಿಕೊಳ್ಳುವ ಅವಕಾಶವಾದರೂ ಇರುತ್ತದೆಯೇ ಎಂದರೆ ಅದೂ ಇಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನವರನ್ನು ನೋಡಿ. 1834ರಲ್ಲಿ ಬಂದು ನೆಲಸಿದವರು, ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನೂ ಕಿಟ್ಟೆಲರ ನಿಘಂಟನ್ನೂ ಕೊಟ್ಟವರು, ಹೆಂಚಿನ ಕಾರ್ಖಾನೆ ಹೂಡಿದವರು. 1914ರಲ್ಲಿ ಯುದ್ಧ ಹತ್ತಿದ ಮೇಲೆ ಅವರಲ್ಲಿ ಜರ್ಮನರಾದವರು ಶತ್ರುದೇಶದ ಪ್ರಜೆಗಳಾಗಿ ಬಂಧನ ಶಿಬಿರ ಸೇರಿದರು. ಬಳಿಕ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಬೇರೆಯವರ ಕೈ ಸೇರಿದವು. ಎಂಬತ್ತು ವರ್ಷಗಳ ಕನ್ನಡದ ನಂಟು ಆ ಗಳಿಗೆಯಲ್ಲಿ ನೆರವಿಗೆ ಬರಲಿಲ್ಲ. ಪರದೇಶದಲ್ಲಿ ಬಾಳುವ ನಮ್ಮವರು ಇದನ್ನು ನೆನಪಿಡಬೇಕು: ಎಷ್ಟೇ ಬೇರು ಬಿಟ್ಟಿರಲಿ, ಯುದ್ಧ ಬಂದ ದಿನ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟಿನ ಬಣ್ಣ.

ಈಚಿನ ವರ್ಷಗಳಲ್ಲಿ ಇಂಥ ಗಳಿಗೆಗಳು ಎಷ್ಟೋ ಬಂದುಹೋಗಿವೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದರು. ಉಳಿಸಿದ ಹಣವೆಲ್ಲಾ ಅಲ್ಲಿಯ ಬ್ಯಾಂಕುಗಳಲ್ಲಿ. ಬಿಟ್ಟು ಹೋಗುವುದು ಹೇಗೆ? ಆದರೂ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದರು. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನರನ್ನು ಹೊತ್ತು ತಂದಿತು. 2022ರ ಫೆಬ್ರುವರಿ 15ರಂದು, ಅನಿವಾರ್ಯವಲ್ಲದವರು ಹೊರಡಿರೆಂದು ಉಕ್ರೇನಿನಲ್ಲಿ ನಮ್ಮ ರಾಯಭಾರ ಕಚೇರಿ ತಿಳಿಸಿತು. ಹಾಜರಿ ತಪ್ಪೀತು, ಪರೀಕ್ಷೆ ಹೋದೀತು, ಟಿಕೆಟ್ಟಿನ ಬೆಲೆ ಇಳಿದೀತು ಎಂದು ವಿದ್ಯಾರ್ಥಿಗಳು ಅನೇಕರು ಕಾದರು. 24ರಂದು ಯುದ್ಧವೇ ಬಂತು. ಕರ್ನಾಟಕದ ಒಬ್ಬ ಹುಡುಗ ಮನೆಗೆ ಬರಲೇ ಇಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಎದ್ದಾಗ, ಗಿಡಮೂಲಿಕೆಯ ಔಷಧಿ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಅವರನ್ನೂ ಇತರರನ್ನೂ ಕರೆತಂದ ಕಾರ್ಯಾಚರಣೆಗೆ ‘ಕಾವೇರಿ’ ಎಂದೇ ಹೆಸರಿಟ್ಟರು.

ಇಷ್ಟನ್ನೆಲ್ಲಾ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಇದ್ದವರು ಹಣದಾಸೆಯವರಲ್ಲ, ಹೊರಟವರು ಹೇಡಿಗಳಲ್ಲ. ಒಬ್ಬನನ್ನು ಸಾಲ ಹಿಡಿದು ನಿಲ್ಲಿಸುತ್ತದೆ, ಇನ್ನೊಬ್ಬನನ್ನು ಕರ್ತವ್ಯ. ಒಬ್ಬನನ್ನು ಮಗು ಎಳೆದುಕೊಂಡು ಹೋಗುತ್ತದೆ, ಇನ್ನೊಬ್ಬನನ್ನು ನೆರೆಯವರ ಗಾಬರಿ. ದೂರದಲ್ಲಿ ಕಾಫಿ ಕುಡಿಯುತ್ತಾ ತೀರ್ಪು ಹೇಳುವುದು ಸುಲಭ.

ಅಂದು ಆ ತಾಯಿಗೆ ನಾವು ‘ಬಾ’ ಎಂದೂ ಹೇಳಲಿಲ್ಲ, ‘ಇರು’ ಎಂದೂ ಹೇಳಲಿಲ್ಲ. ಅಜ್ಜಿಯ ಮಾತನ್ನು ಹೇಳಿ, “ಅವಳಿಗೆ ಅಲ್ಲಿ ಕಣ್ಣಿಗೆ ಕಾಣುವುದು ನಮಗೆ ಇಲ್ಲಿ ಕಾಣುವುದಿಲ್ಲ. ತೀರ್ಮಾನ ಅವಳದಾಗಲಿ. ಯಾವುದನ್ನು ಮಾಡಿದರೂ ನಾಳೆ ನಾವು ಅವಳನ್ನು ದೂರುವುದಿಲ್ಲವೆಂದು ಈಗಲೇ ಹೇಳಿಬಿಡಿ” ಎಂದೆವು. ಆಕೆ ಅಲ್ಲಿಯೇ ಕುಳಿತು ಫೋನು ಮಾಡಿದರು. ಮಗಳು ಹೇಳಿದ್ದು ಇಷ್ಟೇ: “ಸೈರನ್ ಕೂಗಿದರೆ ಈ ಅಜ್ಜಿಗೆ ಓಡಲು ಆಗುವುದಿಲ್ಲಮ್ಮ. ನಾನು ಹೋದರೆ ಅವರನ್ನು ಎತ್ತಿ ಕೂರಿಸುವವರು ಯಾರು?” ಅವಳು ಉಳಿದಳು. ಅವಳಂತೆಯೇ ಉಳಿದವರು ಬಹಳ. ಅಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಆ ವಿಮಾನಗಳಲ್ಲಿ ಬಂದವರು ಸಾವಿರದ ಮುನ್ನೂರರಷ್ಟು ಮಂದಿ ಮಾತ್ರ.

ನಮ್ಮ ಸಂಘದ ಮನೆಗಳಲ್ಲಿ ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿಲ್ಲದ ಮನೆ ಅಪರೂಪ. ಆದ್ದರಿಂದ ಗುಮಾಸ್ತರಾದ ನಾವು ನಮ್ಮ ವೃತ್ತಿಗೆ ತಕ್ಕ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ. ಹೋದ ದೇಶದಲ್ಲಿ ಮೊದಲ ವಾರವೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಯಿಸಿ. ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ಅದರ ನಕಲು ಊರಿನ ಮನೆಯಲ್ಲಿರಲಿ. ಮರಳಿ ಬರುವ ಟಿಕೆಟ್ಟಿನಷ್ಟು ಹಣವನ್ನು ಇಲ್ಲದ ಹಣವೆಂದು ತಿಳಿದು ಬೇರೆ ಇಡಿ. ಮನೆಯಲ್ಲಿ ಬಸುರಿಯರು, ರೋಗಿಗಳು, ಮುದುಕರು ಇದ್ದರೆ, ಹೋಗುವ ಊರಿನಲ್ಲಿ ಡಾಕ್ಟರು ಎಲ್ಲಿದ್ದಾರೆಂಬುದನ್ನು ಬಾಂಬಿಗಿಂತ ಮೊದಲು ವಿಚಾರಿಸಿ. ಈ ಕೊನೆಯ ಮಾತಿಗೆ ನಮ್ಮ ಮನೆತನ ಕೊಟ್ಟ ಬೆಲೆ ಏನೆಂದು ಮೇಲೆ ಹೇಳಿದ್ದೇವೆ.

ಆ ಹುಡುಗಿ ಮರುವರ್ಷ ರಜೆಗೆಂದು ಬಂದಳು. ಕಪಾಲೀಶ್ವರನ ಗುಡಿಯ ಕೊಳದ ಮೆಟ್ಟಿಲ ಬಳಿ ತಾಯಿಯ ಜತೆ ನಿಂತಿದ್ದಳು. ಪಟಾಕಿಯ ಸದ್ದೊಂದು ಕೇಳಿತು. ಅವಳ ಕೈ ತಟ್ಟನೆ ತಾಯಿಯ ತೋಳನ್ನು ಹಿಡಿದುಕೊಂಡಿತು. ಆ ಮೇಲೆ ಇಬ್ಬರೂ ನಕ್ಕರು. ಅಜ್ಜಿ ಇದ್ದಿದ್ದರೆ ಆ ಹಿಡಿತವನ್ನು ಗುರುತಿಸುತ್ತಿದ್ದಳು ಎಂದುಕೊಂಡು ನಾವು ಮನೆಯ ಕಡೆ ನಡೆದೆವು.